ಹೊರಗಿನಿಂದ ಹಾಕುವ ಜಿಪ್ಪು

ಕಾಜಾ ಹಾಕುವ ಸ್ಟೂಲಿನ ಮೇಲಿಂದ,
ಅಪ್ಪನ ಅಂಗಡಿ,
ಅಕ್ಟೋಬರ್ ಹನ್ನೊಂದು, ಮಂಗಳವಾರ, ಸಂಜೆ ನಾಲ್ಕೂವರೆ.

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಹೋಯಿತೇ, ಅಥವಾ ಅದೂ ನಿನ್ನ ದೋಣಿಯಲ್ಲಿ ಟಿಕೆಟ್ಟಿಲ್ಲದೆ ಆಚೆ ದಡಕ್ಕೂ ಈಚೆ ದಡಕ್ಕೂ ಓಡಾಡಿಕೊಂಡಿದೆಯೇ? ರಾತ್ರಿ ಕಿವಿಗೆ ಬಟ್ಟೆ ಕಟ್ಟಿಕೋ ಎಂದು ಅಮ್ಮ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದೂ ಹೇಳಿದ್ದಾಳೆ. ನಿನ್ನ ಕಾರ್ಡು ತಲುಪಿತು. ನೀನು ಚೆನ್ನಾಗಿದ್ದೀಯ ಎನ್ನಲು ಒಂದು ಸಾಲು, ನಾವೂ ಚೆನ್ನಾಗಿದ್ದೇವೆಂದು ನಂಬಲು ಒಂದು ಸಾಲು, ಗಾಳಿ ಜೋರಾಗಿದೆ ಎನ್ನಲು ಒಂದು, ಸಹಿ ಒಂದು. ಇಷ್ಟನ್ನೇ ಅಮ್ಮ ಎಂಟು ದಿನ ಓದಿದಳು. ನಾಲ್ಕು ಸಾಲಿನಲ್ಲಿ ಎಂಟು ದಿನಕ್ಕಾಗುವಷ್ಟು ಏನಿದೆ ಎಂದು ಕೇಳಿದ್ದಕ್ಕೆ "ಅಕ್ಷರ ದಪ್ಪ ಆಗಿದೆ, ಸೊರಗಿಲ್ಲ ಅವನು" ಎಂದಳು. ನೀನು ದೋಣಿಯಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದ ಸುದ್ದಿ ಬಂದ ದಿನ ಅವಳು ಅಂದ ಮಾತನ್ನು ಈಗಲೂ ಬೀದಿಯಲ್ಲೆಲ್ಲ ಹೇಳಿಕೊಂಡು ನಗುತ್ತಾರೆ: "ಹೊಲಿಯೋನ ಮಗ ಹರಿಯೋ ಕೆಲಸಕ್ಕೆ ಸೇರ್ಕೊಂಡ." ಅಪ್ಪ ಮಾತ್ರ ನಕ್ಕಿರಲಿಲ್ಲ. ಅಪ್ಪನ ಆರೋಗ್ಯ ಚೆನ್ನಾಗಿದೆ. ಅಮ್ಮನ ಮಂಡಿ ಹಾಗೇ ಇದೆ. ನಾನು ಸೆರೆಯಲ್ಲಿದ್ದೇನೆ. ದಿನಕ್ಕೆ ಮೂವತ್ತು ಗುಂಡಿತೂತಿಗೆ ಕಾಜಾ ಹಾಕುವ ಶಿಕ್ಷೆ, ಈವರೆಗೆ ಹನ್ನೆರಡು ಮುಗಿದಿವೆ, ಎರಡು ಬೆರಳಿಗೆ ಸೂಜಿ ಚುಚ್ಚಿದೆ. ಅಪರಾಧದ ವಿವರ ಮುಂದೆ ಬರುತ್ತದೆ, ತಾಳ್ಮೆಯಿರಲಿ.

ಮುಖ್ಯ ವಾರ್ತೆ ಏನೆಂದರೆ, ಕಳೆದ ಶನಿವಾರ ನಮ್ಮ ಕುಟುಂಬವು ಪರ್ವತಾರೋಹಣ ಮಾಡಿತು. ಪರ್ವತವೆಂದರೆ ನಮ್ಮ ಮಾಮೂಲಿ ಬೆಟ್ಟವೇ. ಎರಡೂವರೆ ಗಂಟೆಯ ದಾರಿ, ಕಲ್ಲುಗಳ ಮೇಲೆ ಹಳದಿ ಬಾಣ, ಎಲ್ಲಿಯೂ ಕೈ ಊರುವ ಪ್ರಮೇಯವಿಲ್ಲ. ಕಂಕುಳಲ್ಲಿ ಮಗು, ಕೈಯಲ್ಲಿ ಛತ್ರಿ ಹಿಡಿದ ಹೆಂಗಸೊಬ್ಬಳು "ಸ್ವಲ್ಪ ದಾರಿ ಬಿಡಿ" ಎಂದು ನಮ್ಮನ್ನು ದಾಟಿಕೊಂಡು ಹೋದಳು ಎಂಬುದನ್ನು ಚರಿತ್ರೆಯಿಂದ ಅಳಿಸಿಹಾಕಲು ನಾನು ಶಕ್ತಿಮೀರಿ ಪ್ರಯತ್ನಿಸುತ್ತಿದ್ದೇನೆ. ಹೋದ ವರ್ಷ ನಾವು ಹೋಗಲಿಲ್ಲವೆಂದು ನಿನಗೆ ಬರೆದಿದ್ದೆ. ಡೇರೆ ಅಟ್ಟದ ಮೇಲೇ ಇತ್ತು, ಯಾರೂ ಅದರ ಹೆಸರೆತ್ತಿರಲಿಲ್ಲ. ಈ ಸಲ ಗುರುವಾರ ಊಟದ ನಡುವೆ ಅಪ್ಪ ಇದ್ದಕ್ಕಿದ್ದಂತೆ "ಶನಿವಾರ ಬೆಟ್ಟಕ್ಕೆ ಹೋಗೋಣ" ಎಂದರು. ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಯಾಕೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಶುಕ್ರವಾರ ಅವರೇ ಏಣಿ ಹಾಕಿ ಡೇರೆ ಇಳಿಸಿದರು, ಗೂಟಗಳನ್ನು ಎಣಿಸಿದರು, ಶನಿವಾರ ಯಾರ ಕೈಗೂ ಕೊಡದೆ ತಾವೇ ಹೊತ್ತರು. ಅದು ನಿನ್ನ ಹೊರೆಯಾಗಿತ್ತಲ್ಲ, ಪಟ್ಟಿ ನಿನ್ನ ಹೆಗಲಿನ ಅಳತೆಗೇ ಇತ್ತು. ಅವರು ಅದನ್ನು ಚಿಕ್ಕದು ಮಾಡಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಗಂಟು ಅವರ ಸೊಂಟಕ್ಕೆ ಬಡಿಯುತ್ತಿತ್ತು.

ನೀನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆಯುತ್ತಿದ್ದ ತಿರುವು ಇದೆಯಲ್ಲ, ಎದುರಿನ ಬಂಡೆಯಿಂದ ಸಿಳ್ಳೆ ವಾಪಸ್ಸು ಬರುವ ಜಾಗ, ಅಲ್ಲಿ ಅಪ್ಪ ಶೂಸಿನ ಲೇಸು ಬಿಚ್ಚಿತೆಂದು ಕೂತರು. ಕಟ್ಟಿದರು, ಎದ್ದರು, ನಾಲ್ಕು ಹೆಜ್ಜೆ ಹಾಕಿದರು, ಮತ್ತೆ ಬಿಚ್ಚಿತೆಂದು ಕೂತರು. ಮೂವತ್ತು ವರ್ಷದಿಂದ ದಾರಕ್ಕೆ ಗಂಟು ಹಾಕುತ್ತಾ ಬಂದ ಕೈ ಅದು. ಅವರು ಹಾಕಿದ ಗಂಟು ಬಿಚ್ಚಲು ಕತ್ತರಿಯೇ ಬೇಕು. ಅಮ್ಮ ನನ್ನ ಕಡೆ ನೋಡಿದಳು, ನಾನು ಬಂಡೆಯ ಕಡೆ ನೋಡಿದೆ. ಸಿಳ್ಳೆ ಹೊಡೆಯೋಣವೆಂದು ಬೆರಳು ಬಾಯಿಗಿಟ್ಟೆ, ಉಫ್ ಎಂಬ ಗಾಳಿ ಮಾತ್ರ ಬಂತು. ಅಪ್ಪ "ನಡಿ ನಡಿ" ಎಂದರು.

ಬೆಟ್ಟದ ಮೇಲಿನ ತಂಗುಮನೆ ಹಾಗೇ ಇದೆ: ಅದೇ ಮರದ ಗೋಡೆ, ಒದ್ದೆ ಸಾಕ್ಸ್ ಒಣಗಿಸುವ ಅದೇ ಒಲೆ, ಅದನ್ನು ನೋಡಿಕೊಳ್ಳುವ ಮೀಸೆ ಮಾಮನೂ ಅವನೇ. ಮೀಸೆ ಮಾತ್ರ ಅರ್ಧ ಬೆಳ್ಳಗಾಗಿದೆ. ಬಾಗಿಲಲ್ಲೇ "ಏನ್ ಟೈಲರ್ ಸ್ವಾಮಿ, ಎಲ್ಲಿ ನಿಮ್ಮ ಬಾಗ್ಲು ಹಾಕೋ ಹುಡುಗ?" ಎಂದು ಕೇಳಿಬಿಟ್ಟ. ಅಪ್ಪ "ಕೆಲಸದ ಮೇಲಿದಾನೆ" ಎಂದರು. "ರಜ ಸಿಗಲಿಲ್ವೇನೋ." "ಹೂಂ." ಆಮೇಲೆ ಬಂದವರ ಪುಸ್ತಕ ಮುಂದೆ ಬಂತು. ಬಂದ ದಿನ, ಒಟ್ಟು ಜನ, ಅನಿಸಿಕೆ. ಅಪ್ಪ ಬರೆದದ್ದನ್ನು ಮೀಸೆ ಮಾಮ ನೋಡಿ, ಪೆನ್ಸಿಲ್ಲಿನಿಂದ ನಮ್ಮ ತಲೆ ಎಣಿಸಿ, "ಮೂರಲ್ವಾ? ನಾಲ್ಕು ಅಂತ ಬರ್ದಿದೀರಿ" ಎಂದ. ಅಪ್ಪ "ಹೌದಾ" ಎಂದರು. ತಿದ್ದಲಿಲ್ಲ.

ಅಣ್ಣಾ, ಆ ಪುಸ್ತಕ ಕಂಡೊಡನೆ ನನಗೆ ಏನು ನೆನಪಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಘನ ನ್ಯಾಯಾಲಯದ ದಾಖಲೆಗಾಗಿ ಎಲ್ಲವನ್ನೂ ಮೊದಲಿಂದ ಹೇಳುತ್ತೇನೆ. ನಮ್ಮ ಅಪ್ಪ ಹುಟ್ಟಿದಾಗಿನಿಂದ ಪ್ಯಾಂಟು, ಜಾಕೆಟ್ಟು ಹೊಲಿದವರು. ಅವರ ಲೋಕದಲ್ಲಿ ಜಿಪ್ಪಿನ ರನ್ನರ್, ಅಂದರೆ ಹಿಡಿದು ಎಳೆಯುವ ತುಂಡು, ಯಾವಾಗಲೂ ಹೊರಗಿರುತ್ತದೆ. ಬಟ್ಟೆಯ ಒಳಗೆ ಕುಳಿತು ಜಿಪ್ಪು ಎಳೆದುಕೊಳ್ಳುವ ಗಿರಾಕಿ ಅವರಿಗೆ ಸಿಕ್ಕಿದ್ದೇ ಇಲ್ಲ. ಹಾಗಾಗಿ ಅವರು ಹೊಲಿದ ಮೊದಲ ಮತ್ತು ಕೊನೆಯ ಡೇರೆಗೂ ರನ್ನರ್ ಹೊರಗೇ ಬಂತು. ಒಳಗಿನಿಂದ ಬಾಗಿಲು ಹಾಕಲೂ ಆಗದು, ತೆಗೆಯಲೂ ಆಗದು. ಮೊದಲ ವರ್ಷ ಬೆಟ್ಟದ ಮೇಲೆ ಅದು ಗೊತ್ತಾದಾಗ ಅಪ್ಪ ಒಂದು ಗಳಿಗೆ ಗಡ್ಡ ಕೆರೆದುಕೊಂಡು "ಕಾವಲಿಗೆ ಒಬ್ಬ ಹೊರಗಿರಬೇಕಲ್ಲ, ಅದಕ್ಕೇ ಹಾಗೆ ಇಟ್ಟೆ" ಎಂದರು. ಆ ಒಬ್ಬ ನೀನಾದೆ. ನಾವು ಮೂವರು ಒಳಗೆ ಮಲಗಿದ ಮೇಲೆ ನೀನು ಹೊರಗಿನಿಂದ ಜಿಪ್ಪು ಎಳೆದು, ಸುತ್ತಿಕೊಂಡು ಹಿಂದೆ ಹೋಗಿ, ಸಡಿಲ ಬಿಟ್ಟ ಮೂರನೇ ಗೂಟದ ಹತ್ತಿರ ಬಟ್ಟೆ ಎತ್ತಿ, ಹಲ್ಲಿಯಂತೆ ಒಳಗೆ ನುಸುಳುತ್ತಿದ್ದೆ. "ದ್ವಾರಪಾಲಕರು ಬಂದರು" ಎಂದು ನಾನು ಸಾರುತ್ತಿದ್ದೆ. ಎಂಟು ವರ್ಷ ಅದೇ ನಮ್ಮ ಬಾಗಿಲು.

ಆಮೇಲೆ ಎರಡು ವರ್ಷದ ಹಿಂದೆ ಆ ಪುಸ್ತಕದ ಅನಿಸಿಕೆಯ ಕಾಲಂನಲ್ಲಿ ನಿನ್ನ ಅಕ್ಷರದಲ್ಲಿ, ಬಾಲ ಬಿಟ್ಟ ನಿನ್ನ ಸಹಿಯೊಂದಿಗೆ, ಒಂದು ಬರಹ ಕಾಣಿಸಿಕೊಂಡಿತು. "ಈ ಡೇರೆಯ ಶಿಲ್ಪಿಗೆ ಸಾಷ್ಟಾಂಗ ನಮಸ್ಕಾರ. ಒಳಗಿರುವವರನ್ನು ಹೊರಗಿನವರು ಬಂದು ಬಿಡುಗಡೆ ಮಾಡಬೇಕಾದ ಜಗತ್ತಿನ ಏಕೈಕ ಡೇರೆ. ಪ್ಯಾಂಟು ಹೊಲಿಯುವವರು ಪ್ಯಾಂಟನ್ನೇ ಹೊಲಿಯಲಿ." ಬೆಳಗಿನ ಟೀ ಹೊತ್ತಿಗೆ ಮೀಸೆ ಮಾಮ ಅದನ್ನು ಗಟ್ಟಿಯಾಗಿ ಓದಿದ. ಹನ್ನೆರಡು ಜನ ನಕ್ಕರು. ಅವರಲ್ಲೊಬ್ಬರು ಅಪ್ಪನೇ ಹೊಲಿದ ಕೋಟು ಹಾಕಿಕೊಂಡಿದ್ದ ಮೇಷ್ಟರು. ಮನೆಗೆ ಬಂದ ಮೇಲೆ ಅಪ್ಪ ಒಂದೇ ಮಾತು ಆಡಿದರು: "ನನ್ನ ಕೈ ನೋಡಿ ನಗೋನಿಗೆ ನನ್ನ ಅಂಗಡೀಲಿ ಏನು ಕೆಲಸ." ನೀನು ನನ್ನ ಮುಖ ನೋಡಿದೆ. ಒಂದೇ ಸಲ. ಒಂಬತ್ತನೇ ದಿನ ನಿನ್ನ ಹಾಸಿಗೆ ಸುತ್ತಿಟ್ಟಿತ್ತು, ನೀನು ಹೊರಟುಹೋಗಿದ್ದೆ.

ಬರೆದವಳು ನಾನು. ಅದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಶಾಲೆಯ ರಜಾಚೀಟಿಗಳಿಗಾಗಿ ನಾನು ಕಷ್ಟಪಟ್ಟು ಕಲಿತಿದ್ದ ನಿನ್ನ ಅಕ್ಷರ ಅದು. ನಗಿಸಬೇಕೆಂದು ಬರೆದೆ, ಅಷ್ಟೇ. ಚಿಕ್ಕಂದಿನಲ್ಲಿ ನಾನು ಗುಂಡಿ ನುಂಗಿದ ದಿನದಿಂದ ನೀನು ನನ್ನನ್ನು ಗುಂಡಿ ಎಂದೇ ಕರೆದೆ. ಅಂಗಿಯ ಗುಂಡಿಯೋ ನೆಲದ ಗುಂಡಿಯೋ ಎಂದು ಕೇಳಿದವರಿಗೆ ನೀನು "ಎರಡೂ" ಎನ್ನುತ್ತಿದ್ದೆ. ಸರಿಯಾಗಿಯೇ ಹೇಳಿದ್ದೆ. ನಾನು ತೋಡಿದ್ದು, ನೀನು ಬಿದ್ದದ್ದು.

ಸರಿ, ಶನಿವಾರದ ಸಂಜೆಗೆ ಬರೋಣ. ತಂಗುಮನೆಯ ಹಿಂದಿನ ಹುಲ್ಲಿನಲ್ಲಿ, ಅದೇ ಜಾಗದಲ್ಲಿ, ಡೇರೆ ಎದ್ದಿತು. ಅಪ್ಪ ಗೂಟಗಳನ್ನು ಒಂದೊಂದಾಗಿ ಹೊಡೆಯುತ್ತಾ ಬಂದು, ಹಿಂಬದಿಯ ಮೂರನೆಯದಕ್ಕೆ ಬಂದಾಗ ಒಂದೇ ಏಟು ಹಾಕಿ ಬಿಟ್ಟರು. ಯಾರೂ ಹೇಳಿರಲಿಲ್ಲ. ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದಾಯಿತು, ಚಳಿ ಏರಿತು, ಮೂವರೂ ಒಳಗೆ ಹೋಗಿ ಕೂತೆವು. ಬಾಗಿಲು ತೆರೆದೇ ಇತ್ತು. ಮೂವರೂ ಅದನ್ನೇ ನೋಡುತ್ತಾ ಕೂತೆವು. ಕೊನೆಗೆ ನಾನೆದ್ದು ಹೊರಗೆ ಹೋಗಿ ಜಿಪ್ಪು ಎಳೆದೆ, ಹಿಂದೆ ಬಂದು ನುಸುಳಿದೆ. ಅರ್ಧ ಒಳಗೆ ಬಂದಾಗ ಜಡೆ ಗೂಟಕ್ಕೆ ಸಿಕ್ಕಿಕೊಂಡಿತು. ಅಮ್ಮ "ಹಾಗೇ ಇರೇ, ಗಾಳಿಗೆ ಡೇರೆ ಹಾರಲ್ಲ" ಎಂದು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ನಾಲ್ಕನೆಯವರ ಜಾಗ ಹಾಗೇ ಖಾಲಿ ಬಿಟ್ಟು ಮಲಗಿದೆವು, ಅಣ್ಣಾ. ಬೇಕಾದಷ್ಟು ಕೈಕಾಲು ಚಾಚಬಹುದಿತ್ತು. ಯಾರೂ ಚಾಚಲಿಲ್ಲ.

ಬೆಳಗ್ಗೆ ಎಚ್ಚರವಾದಾಗ ಅಪ್ಪ ಇರಲಿಲ್ಲ. ಮೂರನೇ ಗೂಟದ ಹತ್ತಿರ ಬಟ್ಟೆ ಎದ್ದಿತ್ತು. ಅಳತೆ ತೆಗೆಯುವಾಗಲೂ ಗಿರಾಕಿಯ ಮುಂದೆ ಬೆನ್ನು ಬಗ್ಗಿಸದ ನಮ್ಮ ಅಪ್ಪ ಹೊಟ್ಟೆಯ ಮೇಲೆ ತೆವಳಿಕೊಂಡು ಹೊರಗೆ ಹೋಗಿದ್ದರು. ಆಮೇಲೆ ಮುಂದುಗಡೆ ಜಿಪ್ಪು ಕೆಳಗಿನಿಂದ ನಿಧಾನವಾಗಿ ಮೇಲೇರಿತು. ಬೆಳಕು ಬಂತು, ಬೆಳಕಿನಲ್ಲಿ ಅವರು ನಿಂತಿದ್ದರು, ಅಂಗಿಯ ಮುಂಭಾಗವೆಲ್ಲ ಒದ್ದೆ ಹುಲ್ಲು. ನನಗೆ ಒಂದು ಗಳಿಗೆ ನೀನೇ ಎನಿಸಿತು. ಅದಕ್ಕೇ ಇರಬೇಕು, ಬಾಯಿಗೆ ಬಂದೇಬಿಟ್ಟಿತು. "ಅಪ್ಪಾ, ಆ ಪುಸ್ತಕದಲ್ಲಿ ಬರೆದಿದ್ದು ಅಣ್ಣ ಅಲ್ಲ, ನಾನು."

ಅವರು ಜಿಪ್ಪಿನ ಮೇಲಿನ ಕೈ ತೆಗೆಯಲಿಲ್ಲ. "ಅವನ್ಯಾಕೆ ಹೇಳ್ಲಿಲ್ಲ?" ಎಂದರು. ನಾನು ಸುಮ್ಮನಿರಬೇಕಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತು. "ನೀವು ಕೇಳ್ಲಿಲ್ಲ ಅಪ್ಪಾ" ಎಂದೆ.

ತಿರುಗಿ ಸೀದಾ ತಂಗುಮನೆಯೊಳಗೆ ಹೋದರು. ಮೀಸೆ ಮಾಮನಿಂದ ಹಳೆಯ ಪುಸ್ತಕ ತೆಗೆಸಿ, ಆ ಪುಟ ಹುಡುಕಿ, ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಗಿರಾಕಿ ವಾಪಸ್ಸು ತಂದ ಬಟ್ಟೆಯ ಹೊಲಿಗೆ ನೋಡುವ ಹಾಗೆ ಸಾಲಿನ ಮೇಲೆ ಹೆಬ್ಬೆರಳು ಆಡಿಸಿದರು. "ಅವನ ಅಕ್ಷರ ನೀಟಾಗಿ ಎತ್ತಿದೀಯ" ಎಂದರು. "ಈ ಕೈಯಲ್ಲಿ ಕಾಜಾ ಹಾಕಿದ್ರೆ ಮನೆ ಉದ್ಧಾರ ಆಗ್ತಿತ್ತು." ಶಿಕ್ಷೆಯ ಹಿನ್ನೆಲೆ ಇದು. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಬೈಯಲಿಲ್ಲ. ಇಳಿಯುವಾಗ ಆ ತಿರುವಿನಲ್ಲಿ ಲೇಸಿನ ನೆಪವಿಲ್ಲದೆಯೇ ನಿಂತರು, ನಾವೂ ನಿಂತೆವು. ನಿನ್ನ ಬಗ್ಗೆ ಆಗಲೂ ಏನೂ ಹೇಳಲಿಲ್ಲ, ಮನೆಗೆ ಬಂದ ಮೇಲೂ ಹೇಳಲಿಲ್ಲ. ಆದ್ದರಿಂದ ಅವರ ಪರವಾಗಿ ನಾನೇನೂ ಬರೆಯಲಾರೆ. ನನ್ನ ಪರವಾಗಿ ಮಾತ್ರ ಬರೆಯಬಲ್ಲೆ. ಎರಡು ವರ್ಷ ನೀನು ನನ್ನ ಗುಂಡಿಯಲ್ಲಿ ಕೂತಿದ್ದೀಯ, ಒಂದು ಮಾತೂ ಆಡದೆ. ಕ್ಷಮಿಸು ಎಂದು ಬರೆದರೆ ನಾಟಕದ ಮಾತಿನಂತೆ ಕೇಳಿಸುತ್ತದೆ, ಅದಕ್ಕೆ ಎರಡು ಸಲ ಬರೆದು ಹೊಡೆದುಹಾಕಿದ್ದೇನೆ. ಹೊಡೆದುಹಾಕಿದ್ದನ್ನು ಓದು.

ಅಮ್ಮನ ಆಶೀರ್ವಾದ, ಜೊತೆಗೆ ಉಣ್ಣೆಯ ಟೋಪಿ ಬೇರೆ ಪೊಟ್ಟಣದಲ್ಲಿ ಬರುತ್ತಿವೆ. ಟೋಪಿ ಹಾಕಿಕೋ. ಆಶೀರ್ವಾದ ಹೇಗೂ ಬೇಡವೆಂದರೂ ಅಂಟಿಕೊಳ್ಳುತ್ತದೆ. ನಿನ್ನ ದೋಣಿಗೆ, ಅದು ಎರಡೂ ದಡ ಮುಟ್ಟುತ್ತದೆ ಎಂಬ ಒಂದೇ ಕಾರಣಕ್ಕೆ, ನನ್ನ ನಮಸ್ಕಾರ.

ಇಂತಿ ನಿನ್ನ,
ಗುಂಡಿ
(ಇನ್ನು ಮೇಲೆ ಅಂಗಿಯದು ಮಾತ್ರ)

ತಾ. ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಪ್ಪ ಎದುರಿನ ಹೋಟೆಲ್ಲಿಗೆ ಟೀ ಕುಡಿಯಲು ಹೋಗಿದ್ದಾರೆ. ಕೆಸರಾಗಿದ್ದ ಡೇರೆಯನ್ನು ತೊಳೆದು ಅಂಗಡಿಗೆ ತಂದಿದ್ದರು. ಒಳ್ಳೆಯ ಮಗಳಾಗೋಣವೆಂದು ಡಬ್ಬಿಯಲ್ಲಿ ಹುಡುಕಿ, ಎರಡೂ ಕಡೆಯಿಂದ ಎಳೆಯಬಹುದಾದ ರನ್ನರ್ ತೆಗೆದು, "ಇದನ್ನ ಹಾಕಿಬಿಡ್ಲಾ ಅಪ್ಪಾ?" ಎಂದೆ. ಕನ್ನಡಕದ ಮೇಲಿನಿಂದ ನೋಡಿದರು. "ಹತ್ತು ನಿಮಿಷದ ಕೆಲಸ ಅದು. ಇಷ್ಟು ವರ್ಷ ನಂಗೆ ಗೊತ್ತಾಗಿಲ್ಲ ಅಂದ್ಕೊಂಡ್ಯಾ?" ನನ್ನ ಕೈಯಿಂದ ರನ್ನರ್ ತೆಗೆದುಕೊಂಡು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ಹಾಗೇ ಇರಲಿ. ಅವನು ಬಂದ್ರೆ ಅವನಿಗೆ ಬಾಗ್ಲು ಹಾಕೋ ಕೆಲಸ ಬೇಕಲ್ಲ." ಡೇರೆಯನ್ನು ಅಟ್ಟಕ್ಕೆ ಹಾಕಿಲ್ಲ, ಬಾಗಿಲ ಪಕ್ಕದಲ್ಲೇ ಇಟ್ಟಿದ್ದಾರೆ. ನಾನು ಯಾರಿಗೆ ಬರೆಯುತ್ತಿದ್ದೇನೆಂದು ಕೇಳಲೂ ಇಲ್ಲ. ಟೀಗೆ ಹೋಗುವಾಗ, ಬೀದಿಯ ಕಡೆ ಮುಖ ಮಾಡಿಕೊಂಡು, "ಟಪಾಲು ಆರು ಗಂಟೆಗೆ ಹೊರಡತ್ತೆ" ಎಂದರು. ಈಗ ಐದೂ ಮುಕ್ಕಾಲು. ಓಡುತ್ತಿದ್ದೇನೆ.