ಮೇಷ್ಟ್ರ ಗಡ್ಡದ ನೊಣ

ಜೂನ್ ೧೪, ಮಂಗಳವಾರ

ನನ್ನ ಮುದ್ದಿನ ಪುಟ್ಟೀ,

ಇಲ್ಲಿ ನಾನು, ನಿಮ್ಮಮ್ಮ ಇಬ್ಬರೂ ಚೆನ್ನಾಗಿದ್ದೇವೆ. ಜಗಳವೂ ಚೆನ್ನಾಗಿ ನಡೆದಿದೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದು ತಪ್ಪೇ. ಆದರೆ ತಪ್ಪು ನನ್ನದಲ್ಲ, ನೊಣದ್ದು.

ಹೋದ ತಿಂಗಳು ಅಳಿಯಂದಿರ ಕೈಲಿ ನಿನ್ನ ಮಾವನವರಿಗೆ ನಾಲ್ಕು ಹುಸಿನೊಣ ಕಳಿಸಿದ್ದೆನಲ್ಲ, ಮೀನನ್ನು ಏಮಾರಿಸಲು ಗಾಳದ ಕೊಕ್ಕೆಗೆ ನೂಲು ಸುತ್ತಿ ಕಟ್ಟುವಂಥವು? ಮೂರೇ ದಿನಕ್ಕೆ ಏಳು ಮೀನಂತೆ! ಬೀಗರು ಎರಡು ಪುಟ ಬರೆದಿದ್ದಾರೆ. "ಇದು ಯಾವ ಹಕ್ಕಿಯ ಗರಿ, ಯಾವ ಪ್ರಾಣಿಯ ಕೂದಲು? ತಿಂಗಳ ಕೊನೆಯ ಭಾನುವಾರ ನಾನೇ ಬರುತ್ತೇನೆ, ನೀವು ಕಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಬೇಕು" ಎಂದಿದ್ದಾರೆ. ಅವರು ನಮ್ಮಲ್ಲಿಗೆ ಬರುವುದು ಇದೇ ಮೊದಲು. ಏನೆಂದು ಉತ್ತರ ಬರೆಯಲಿ, ನೀನೇ ಹೇಳಬೇಕು.

ಹಕ್ಕಿಯೂ ಇಲ್ಲ, ಪ್ರಾಣಿಯೂ ಇಲ್ಲ, ಎಲ್ಲ ನಮ್ಮ ಕಟಿಂಗ್ ಅಂಗಡಿಯ ಮಾಲು. ಬಾಲಕ್ಕೆ ಸವೆದ ಶೇವಿಂಗ್ ಬ್ರಷ್ಷಿನ ಎಳೆ. ತೇಲಲಿ ಎಂದು ಹರಿದ ಕುರ್ಚಿಯ ಸ್ಪಂಜು ಕಟ್ಟಿದೆ, ಅದು ಹೊಟ್ಟೆ ತುಂಬ ನೀರು ಕುಡಿದು ಮುಳುಗಿತು. ಹಳೇ ಚಪ್ಪಲಿಯ ರಬ್ಬರು ಸೀಳಿ ಕಟ್ಟಿದ ಮೇಲೆ ತೇಲಿತು. ಗಂಟು ಬಿಚ್ಚದಂತೆ ಬಳಿದದ್ದು ನಿಮ್ಮಮ್ಮನ ಉಗುರುಬಣ್ಣ; ಅವಳಿಗೆ ಗೊತ್ತಿಲ್ಲ, ನೀನೂ ಬಾಯಿ ಬಿಡಬೇಡ.

ನೊಣದ ಮೈಗೆ ಮಾತ್ರ ಏನು ಸುತ್ತಿದರೂ ಬೋಳು ಬೋಳು. ಒಂದು ದಿನ ಮೇಷ್ಟ್ರ ಬಿಳಿ ಗಡ್ಡ ಕತ್ತರಿಸಿ ಗುಡಿಸುವಾಗ ತಲೆಗೆ ಹೊಳೆಯಿತು. ನೂಲನ್ನು ಕುಣಿಕೆ ಮಾಡಿ, ನಡುವೆ ಗಡ್ಡದ ಕೂದಲು ಹರಡಿ, ಗಿರ್ರನೆ ಹುರಿ ಹಾಕಿದೆ. ಕೂದಲೆಲ್ಲ ನಿಮಿರಿ ಕಂಬಳಿಹುಳದ ಹಾಗೆ ನಿಂತಿತು! ಕೊಕ್ಕೆಗೆ ಸುತ್ತಿ, ಕತ್ತರಿಯಲ್ಲಿ ಸಮ ಮಾಡಿದೆ. ಕತ್ತರಿ ಕೆಲಸ ನನಗೆ ಯಾರು ಹೇಳಿಕೊಡಬೇಕು?

ಮೇಷ್ಟ್ರು ಈಗ ಅಂಗಡಿ ಮೆಟ್ಟಿಲು ಹತ್ತುವಾಗಲೇ ಶುರು. "ಏನಯ್ಯಾ, ನನ್ನ ಗಡ್ಡಕ್ಕೆ ಎಷ್ಟು ಬಿದ್ವು?"

"ಏಳು ಸಾರ್" ಅಂದೆ.

"ಮೂವತ್ತು ವರ್ಷ ಪಾಠ ಮಾಡ್ದೆ, ಏಳು ಹುಡುಗ್ರು ಬಾಯಿ ಬಿಟ್ಕೊಂಡು ಕೇಳ್ಲಿಲ್ಲ ಕಣಯ್ಯಾ!"

ನಿಮ್ಮಮ್ಮನದು ಬೇರೆ ರಾಗ. "ಗಿರಾಕಿಗಳ ಕೂದ್ಲು ಒಳಗೆ ಬಂದ್ರೆ ನೀವು ಹೊರಗೆ" ಎಂದಿದ್ದಾಳೆ. ಅದಕ್ಕೇ ಅಂಗಡಿಯಲ್ಲೇ, ಕನ್ನಡಿ ಮುಂದೆ ಕೂತು ಕಟ್ಟುತ್ತೇನೆ. ಬೀಗರು ನೋಡಬೇಕೆಂದರೆ ಅಲ್ಲಿಗೇ ಬರಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಂಡ ಹೆಂಡತಿ ನಗುನಗುತ್ತಾ ನೂರು ಕಾಲ ಬಾಳಿ.

ನಿನ್ನ
ಅಪ್ಪ

ತಾ.ಕ.: ಬೀಗರ ಕಾಗದದಲ್ಲಿ ಇನ್ನೂ ಒಂದು ಮಾತಿದೆ. "ಗಡಿಯಾರ ರಿಪೇರಿಯಲ್ಲಿ ಪಳಗಿದ ಕೈ, ನಾಜೂಕು ಕೇಳಬೇಕೆ? ನಿಮ್ಮ ಗಡಿಯಾರದ ಅಂಗಡಿಯ ವಿಷಯ ಸೊಸೆ ಮದುವೆಗೆ ಮುಂಚೆಯೇ ಹೇಳಿದ್ದಳು." ಮೊದಲು ಯಾರಿಗೋ ಬರೆದ ಕಾಗದ ನನಗೆ ಬಂತೇನೋ ಅಂದುಕೊಂಡೆ. ಆಮೇಲೆ ಅರ್ಥವಾಯಿತು; ಅಳಿಯಂದಿರೂ ನಿನಗಾಗಿ ಬಾಯಿ ಬಿಟ್ಟಿಲ್ಲ. ಕೋಪವಿಲ್ಲ ಪುಟ್ಟೀ, ನೋವಾಯಿತು. ನಿಮ್ಮಮ್ಮನಿಗೆ ಆ ಪುಟ ತೋರಿಸಿಲ್ಲ. ಬೀಗರು ಹೊರಡುವ ಮೊದಲು ನೀನೇ ನಿಜ ಹೇಳಿಬಿಡು. ಆಗದಿದ್ದರೆ ಒಂದು ಸಾಲು ಬರೆ. ಆ ದಿನ ಅಂಗಡಿ ಮುಚ್ಚಿ, ಹೊಳೆ ದಂಡೆಯಲ್ಲೇ ಅವರನ್ನು ಕಾಣುತ್ತೇನೆ. ಆದರೆ ಏನು ಕೆಲಸ ಮಾಡುತ್ತೀರಿ ಎಂದು ಅವರು ಎದುರಿಗೇ ಕೇಳಿದರೆ, ಗಡಿಯಾರ ಅನ್ನಲು ನನ್ನಿಂದ ಆಗುವುದಿಲ್ಲ.