ತುದಿಯ ಜಾಯಿಂಟು

ಮಂಗಳವಾರ, ಬೆಳಗ್ಗೆ ಹತ್ತೂವರೆ

ಪ್ರೀತಿಯ ಭಾಮೈದನಿಗೆ,

ನಿನ್ನ ಭಾವನ ಆಶೀರ್ವಾದ. ಲಕೋಟೆಯ ಮೇಲಿನ ಕೈಬರಹ ನೋಡಿಯೇ ಹರಿದು ಹಾಕಬೇಡ, ಎರಡು ನಿಮಿಷ ಓದು.

ಐ ಬೆಗ್ ಟು ಸ್ಟೇಟ್ ದಟ್... ಕಾಲೇಜಿನಲ್ಲಿ ಕಲಿಸಿದ ಪತ್ರದ ಮುಂದಿನ ಸಾಲು ಮರೆತೇಹೋಗಿದೆ. ನಮ್ಮ ಮಾತಿನಲ್ಲೇ ಹೇಳಿಬಿಡುತ್ತೇನೆ: ತಪ್ಪು ನನ್ನದು.

ಎರಡು ವರ್ಷದ ಹಿಂದೆ, ಭಾನುವಾರದ ನಮ್ಮ ಹ್ಯಾಮ್ ರೇಡಿಯೋ ಕೂಟದಲ್ಲಿ ಮೂವತ್ತು ಹವ್ಯಾಸಿಗಳು ತಮ್ಮ ತಮ್ಮ ಮನೆಯ ಸೆಟ್ಟಿನಲ್ಲಿ ಕೇಳುತ್ತಿರುವಾಗ, ನನ್ನ ಸೆಟ್ಟಿನ ಕರಕರ ಸದ್ದಿಗೆಲ್ಲ ನೀನು ಹಾಕಿದ ಬೆಸುಗೆಯೇ ಕಾರಣ, ಮೋಟಾರ್ ವೈಂಡಿಂಗ್ ಅಂಗಡಿಯವನ ಕೈಗೆ ಆಂಟೆನಾ ಕೊಟ್ಟದ್ದು ನನ್ನ ಬುದ್ಧಿಗೇಡು ಎಂದೆನಲ್ಲ, ಅದರ ಮಾತು. ಅಂದಿನಿಂದ ನೀನು ಕೂಟಕ್ಕೂ ಬರಲಿಲ್ಲ, ಮನೆಗೂ ಬರಲಿಲ್ಲ. ಮೂರು ವಾರಕ್ಕೆ ನಿನ್ನಕ್ಕ ತೀರಿಹೋದಳು. ಆಗ ಬಂದೆ, ನನ್ನ ಮುಖ ನೋಡದೆ ಹೊರಟುಹೋದೆ.

ಹೋದ ಭಾನುವಾರ ಕರಕರದ ಅಡಿಯಿಂದ ಯಾರೋ ನನ್ನ ಕಾಲ್‌ಸೈನ್ ಹಿಡಿದು ಕರೆದರು. ನಿನ್ನ ದನಿಯಂತಿತ್ತು. ಮತ್ತೆ ಹೇಳಿ, ಮತ್ತೆ ಹೇಳಿ ಎಂದು ಹತ್ತು ಸಲ ಕೂಗಿದೆ. ಸದ್ದು ಎಲ್ಲವನ್ನೂ ನುಂಗಿತು. ಇದರ ಮೂಲ ಹಿಡಿಯದೆ ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಮನೆಯ ಮೈನ್ ಸ್ವಿಚ್ ಆರಿಸಿ, ಸೆಟ್ಟನ್ನು ಬ್ಯಾಟರಿಗೆ ಹಾಕಿ ಕೇಳಿದೆ. ಸದ್ದು ಹಾಗೇ ಇತ್ತು. ಆಂಟೆನಾ ಕೇಬಲ್ ಕಳಚಿ ನೋಡಿದೆ; ಗಪ್‌ಚಿಪ್. ಅಂದರೆ ರೋಗ ತಾರಸಿಯ ಮೇಲೆ, ಆಂಟೆನಾದಲ್ಲೇ ಇದೆ. ಪಕ್ಕದ ಮನೆಯ ಟೈಲರಮ್ಮನಿಗೆ ಬಟ್ಟೆ ಒಣಹಾಕುವ ಕೋಲು ಕೊಟ್ಟು, ಒಂದೊಂದೇ ಜಾಯಿಂಟನ್ನು ಮೆಲ್ಲಗೆ ತಟ್ಟಲು ಹೇಳಿ, ಕೇಬಲ್ ಮತ್ತೆ ಸಿಕ್ಕಿಸಿ ಕೆಳಗೆ ಹೆಡ್‌ಫೋನ್ ಹಾಕಿ ಕುಳಿತೆ. "ಏನ್ ಸಾರ್, ಈ ವಯಸ್ಸಲ್ಲಿ ನನ್ನ ಕೈಲಿ ಕಾಯಿ ಉದುರಿಸ್ತೀರಾ?" ಎಂದು ಮೆಟ್ಟಿಲ ಮೇಲಿಂದ ಗೇಲಿ ಮಾಡಿದಳು. ನೀನು ಬೆಸೆದ ನಡುವಿನ ಜಾಯಿಂಟಿಗೆ ತಟ್ಟಿದಳು. ಸದ್ದಿನಲ್ಲಿ ಏನೂ ವ್ಯತ್ಯಾಸವಿಲ್ಲ. ಇನ್ನೂ ಜೋರಾಗಿ ತಟ್ಟಮ್ಮ ಎಂದೆ. ಸತ್ಯ ಹೇಳುತ್ತೇನೆ, ಅದೇ ಕೆಟ್ಟಿರಲಿ ಎಂಬ ಆಸೆಯಿಂದ. ಊಹೂಂ. ತುದಿಗೆ ಹೋಗಿ ಕೋಲು ಮುಟ್ಟಿಸಿದ್ದೇ ತಡ, ಕಿವಿಯಲ್ಲಿ ಕಡಲೆ ಹುರಿದ ಹಾಗಾಯಿತು.

ಆ ತುದಿ ನನ್ನ ಕೈಕೆಲಸ. ನೀನು ಆಂಟೆನಾ ಕಟ್ಟಿಕೊಟ್ಟ ಮರುವರ್ಷ, ಇನ್ನಷ್ಟು ದೂರದ್ದು ಕೇಳಲಿ ಎಂದು, ನಿನ್ನನ್ನು ಒಂದು ಮಾತೂ ಕೇಳದೆ, ತುದಿಗೆ ಒಂದು ಅಲ್ಯೂಮಿನಿಯಂ ಕೊಳವೆ ಸೇರಿಸಿ, ತಾಮ್ರದ ತಂತಿಯನ್ನು ಅದಕ್ಕೆ ನೇರವಾಗಿ ಸುತ್ತಿ ಟೇಪ್ ಹಚ್ಚಿದ್ದೆ. ಬಿಚ್ಚಿದರೆ ಒಳಗೆ ಬಿಳಿ ಪುಡಿ, ಹಸಿರು ಕಿಲುಬು. ಎರಡು ಬೇರೆ ಲೋಹ, ನಡುವೆ ನೀರು: ಗ್ಯಾಲ್ವ್ಯಾನಿಕ್ ಆಕ್ಷನ್ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ನೆನಪಿದೆ, ಅರ್ಥವಾದದ್ದು ಈಗ.

ನಿನ್ನದನ್ನೂ ಕೊಯ್ದು ನೋಡಿದೆ, ಕ್ಷಮಿಸು. ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ಮತ್ತೆ ಬೆಸೆಯಲು ನಾನು ಮೂರು ಸಲ ಪ್ರಯತ್ನಿಸಬೇಕಾಯಿತು, ಬೆರಳೂ ಸುಟ್ಟುಕೊಂಡೆ. ಕೊಳವೆ ಕಿತ್ತುಹಾಕಿ, ತುದಿಯವರೆಗೂ ಒಂದೇ ತಾಮ್ರದ ತಂತಿ ಎಳೆದಿದ್ದೇನೆ.

ಈ ಭಾನುವಾರ ಬೆಳಗ್ಗೆ ಏಳು ಗಂಟೆಗೆ, ಅದೇ ಜನರ ಮುಂದೆ, ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ನಗುವವರು ನಗಲಿ. ನೀನು ಉತ್ತರ ಕೊಡಲೇಬೇಕೆಂದಿಲ್ಲ ಕಣೋ. ಕೊಟ್ಟರೆ, ಈ ಸಲ ಕೇಳಿಸುತ್ತದೆ.

ಇಂತಿ,
ಬೆರಳು ಸುಟ್ಟುಕೊಂಡ ನಿನ್ನ ಭಾವ

ತಾ.ಕ.: ಆ ಜಗಳ ನಿನ್ನಕ್ಕನಿಗೆ ಗೊತ್ತೇ ಆಗಲಿಲ್ಲ, ನಿದ್ದೆಯಲ್ಲಿದ್ದಳು ಎಂದು ನಿಮಗೆಲ್ಲ ಹೇಳಿದ್ದೆ. ಸುಳ್ಳು. ಒಳಕೋಣೆಯ ಹಾಸಿಗೆಯಿಂದ ಪ್ರತಿ ಮಾತೂ ಕೇಳಿಸಿಕೊಂಡಿದ್ದಳು. ಸಂಜೆ ಮಾತ್ರೆ ಕೊಡಲು ಹೋದಾಗ, "ಅವನದು ಇರ್ಲಿ ಬಿಡಿ. ತುದೀಲಿ ನೀವು ಸುತ್ತಿದ್ದೀರಲ್ಲ, ಅದನ್ನ ಮೊದಲು ಬಿಚ್ಚಿ ನೋಡಿ," ಅಂದಳು. ಸುಮ್ಮನೆ ಮಾತ್ರೆ ನುಂಗು ಎಂದು ಗದರಿಸಿದೆ.