ಕ್ಷೌರದ ಕುರ್ಚಿಯಲ್ಲಿ ನಿದ್ದೆ

ಅಕ್ಟೋಬರ್ ೧೪, ಮಂಗಳವಾರ

ಗಂಟಲು ಕಟ್ಟಿದೆ. ಇವತ್ತೂ ಮನೆಮನೆ ಸುತ್ತಿ ಎಂಪಾಕ್ಸ್ ಎಂಬ ಗುಳ್ಳೆರೋಗದ ಬಗ್ಗೆ ಹೇಳಿದ್ದನ್ನೇ ಹೇಳಿದೆ. ರಸ್ತೆಯಲ್ಲಿ ಎದುರಾದರೆ ಅಂಟುವುದಿಲ್ಲ. ಗುಳ್ಳೆಗಳಿಗೆ ಮೈ ತಾಗಿದರೆ, ರೋಗಿಯ ಹಾಸಿಗೆ ಬಟ್ಟೆ ಬಳಸಿದರೆ, ತುಂಬಾ ಹೊತ್ತು ಹತ್ತಿರವಿದ್ದರೆ ಅಂಟುತ್ತದೆ. ಹಕ್ಕಳೆಯೆಲ್ಲ ಉದುರಿ ಹೊಸ ಚರ್ಮ ಬಂದಮೇಲೆ ಹೆದರಬೇಕಿಲ್ಲ. ಎಲ್ಲರೂ ತಲೆಯಾಡಿಸಿದರು. ಆದರೆ ರೋಗ ವಾಸಿಯಾಗಿ ಬಂದ ಕ್ಷೌರದವನ ಅಂಗಡಿಗೆ ಮಾತ್ರ ಒಂದು ನೊಣವೂ ಹೋಗುತ್ತಿಲ್ಲ.

ಇನ್ನು ಕೆಲಸ ಮಾಡಬಹುದು ಅಂತ ನಮ್ಮ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಹೇಳಿ ವಾರವಾಯಿತು. ಪಾಪ, ದಿನಾ ಕನ್ನಡಿ ಒರೆಸಿ ಕೂರುತ್ತಾನೆ. ಇವತ್ತು ನನ್ನನ್ನು ನೋಡಿ, "ಸಾರ್, ಊರಿಗೆಲ್ಲ ಹೇಳ್ತೀರಲ್ಲ, ನೀವೇ ಒಂದ್ಸಲ ಕೂತ್ಕೊಳ್ಳಿ ನೋಡೋಣ" ಅಂದ.

ಎಲ್ಲ ಗೊತ್ತಿದ್ದೂ ಎದೆ ಧಸಕ್ಕೆಂದಿತು. ಕೂತೆ.

ಅವನು ಗಡಿಬಿಡಿಯಲ್ಲಿ ನೊರೆ ಹಚ್ಚತೊಡಗಿದ. ಎದುರಂಗಡಿಯ ದರ್ಜಿ ಹೊಲಿಗೆ ಬಿಟ್ಟು ಬಾಗಿಲಿಗೆ ಬಂದು ನಿಂತ.

"ನಿಧಾನವಾಗಿ ಮಾಡಪ್ಪ, ನನಗೇನೂ ಅವಸರ ಇಲ್ಲ" ಅಂದೆ.

ಬಿಸಿನೀರಿನ ಬಟ್ಟೆಯನ್ನು ಕೆನ್ನೆಗೆ ಒತ್ತಿದ. ಎಷ್ಟು ದಿನದ ಆಯಾಸವೋ, ಕಣ್ಣು ಎಳೆಯಿತು. ಕತ್ತಿನ ಮೇಲೆ ಕತ್ತಿ ಆಡುತ್ತಿದ್ದಾಗಲೇ ಗೊರಕೆ ಹೊಡೆದೆನಂತೆ!

ಎಚ್ಚರವಾದಾಗ ದರ್ಜಿ ಪಕ್ಕದ ಬೆಂಚಿನಲ್ಲಿದ್ದ. "ನೀವು ಇಷ್ಟು ನೆಮ್ಮದಿಯಾಗಿ ಮಲಗಿದ್ದು ನೋಡಿ ಬಂದೆ ಸಾರ್. ಏಳಿ, ನನ್ನ ಸರದಿ."

ಕ್ಷೌರದವನು ಆಚೆ ತಿರುಗಿ ಕತ್ತಿ ತೊಳೆಯುತ್ತಿದ್ದ. ತುಂಬಾ ಹೊತ್ತು ತೊಳೆದ.

ನಾಳೆ ಕೆಳಗಿನ ಬೀದಿಗೆ ಹೋಗಬೇಕು. ಅಲ್ಲಿ ಯಾರ ಮನೆಯಲ್ಲಿ ನಿದ್ದೆ ಮಾಡಬೇಕೋ...